ದೊಡ್ಡ ಸುತ್ತಿಗೆಗೆ ಬಾಳಿಕೆ ಬರುವ ಕಾವು ಯಾವುದು? ಜಾಲಿ, ಬಿದಿರು, ಪೈಪು, ಫೈಬರ್

ಬಂಡೆಹೊಲ

ಎಲ್ಲರಿಗೂ ನಮಸ್ಕಾರ. ಮಾಗಡಿ ಕಡೆ ನಮ್ಮದೊಂದು ಸಣ್ಣ ಜಮೀನಿದೆ. ಮಣ್ಣಿಗಿಂತ ಕಲ್ಲೇ ಜಾಸ್ತಿ. ಬೇಲಿಗೆ ಕಲ್ಲು ಕೂಚ ಬೇಕು, ಕೊಟ್ಟಿಗೆಗೆ ಪಾಯ ಹಾಕಬೇಕು. ಪಕ್ಕದಲ್ಲೇ ಮನೆಗಳಿರುವುದರಿಂದ ಸಿಡಿಮದ್ದಿನ ಮಾತೇ ಇಲ್ಲ. ಸಾಲಾಗಿ ತೂತು ಹೊಡೆದು, ಬೆಣೆ ಇಟ್ಟು, ಸುತ್ತಿಗೆಯಲ್ಲಿ ಬಡಿದು ಸೀಳುತ್ತಿದ್ದೇವೆ.

ಸುತ್ತಿಗೆ ಐದು ಕೆ.ಜಿ.ಯದು. ತಲೆಗೆ ಏನೂ ಆಗಿಲ್ಲ. ಕಾವು ಮಾತ್ರ ನಿಲ್ಲುತ್ತಿಲ್ಲ. ಎಲ್ಲವೂ ಒಂದೇ ಜಾಗದಲ್ಲಿ ಹೋಗುತ್ತವೆ, ತಲೆಯಿಂದ ಎರಡು ಬೆರಳು ಕೆಳಗೆ. ಹಾರ್ಡ್‌ವೇರ್ ಅಂಗಡಿಯವರು ಫೈಬರ್ ತಗೊಳ್ಳಿ ಅನ್ನುತ್ತಾರೆ. ವೆಲ್ಡಿಂಗ್ ಶಾಪಿನವರು ಜಿ.ಐ. ಪೈಪು ಹಾಕಿಕೊಡುತ್ತೇನೆ, ಜನ್ಮದಲ್ಲಿ ಮುರಿಯಲ್ಲ ಅನ್ನುತ್ತಾರೆ. ನಮ್ಮ ದೊಡ್ಡಪ್ಪ ಜಾಲಿ ಬಿಟ್ಟು ಬೇರೆ ಹೆಸರೇ ಎತ್ತುವುದಿಲ್ಲ. ನಿಜಕ್ಕೂ ಬಾಳಿಕೆ ಬರುವುದು ಯಾವುದು? ದಿನವೂ ಸುತ್ತಿಗೆ ಹಿಡಿಯುವವರು ಹೇಳಿದರೆ ಉಪಕಾರ.

ಕಾಂಕ್ರೀಟ್ ಕಾಡು

ಬೆಂಗಳೂರಿನಲ್ಲಿ ಹಳೇ ಕಟ್ಟಡ ಒಡೆಯುವ ಕೆಲಸ ನೋಡಿಕೊಳ್ಳುತ್ತೇನೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಫೈಬರ್ ತಗೊಳ್ಳಿ. ನಮ್ಮಲ್ಲಿ ಸುತ್ತಿಗೆ ಯಾರ ಕೈಗೆ ಹೋಗುತ್ತದೆ ಅಂತ ಹೇಳಕ್ಕಾಗಲ್ಲ. ಮಳೆಯಲ್ಲಿ ಬಿದ್ದಿರುತ್ತದೆ, ಬಿಸಿಲಲ್ಲಿ ಬಿದ್ದಿರುತ್ತದೆ, ಕೆಲವರು ಅದನ್ನೇ ಸನ್ನೆಗೋಲು ಮಾಡಿ ಗೋಡೆ ಮೀಟುತ್ತಾರೆ. ಮರದ ಕಾವು ಇದನ್ನೆಲ್ಲ ತಡೆಯಲ್ಲ. ಫೈಬರ್‌ಗೆ ಗೆದ್ದಲು ಇಲ್ಲ, ಮಳೆಗಾಲದಲ್ಲಿ ಉಬ್ಬುವುದಿಲ್ಲ, ಬೇಸಿಗೆಯಲ್ಲಿ ತಲೆ ಸಡಿಲ ಆಗುವುದಿಲ್ಲ. ಗೋಡೆಯೊಳಗೆ ಕರೆಂಟ್ ವೈರ್ ಇದ್ದರೂ ಕೈಗೆ ಹೊಡೆಯಲ್ಲ. ನಮಗೆ ಇದು ದೊಡ್ಡ ವಿಷಯ.

ಕುಲುಮೆ ಬೆಂಕಿ

ಕಮ್ಮಾರಿಕೆ ನಮ್ಮ ಮನೆತನದ ಕೆಲಸ, ತುಮಕೂರು ಜಿಲ್ಲೆ. ಮೊದಲು ಬಂಡೆಹೊಲ ಅವರಿಗೆ ಒಂದು ಪ್ರಶ್ನೆ. ಮುರಿದ ಜಾಗ ಹೇಗಿದೆ? ಕಾವಿನ ಕೆಳಗಡೆ, ಅಂದರೆ ಬೆಣೆಯ ಕಡೆಗೆ ಇರುವ ಮೈ ಜಜ್ಜಿ ನಾರು ನಾರಾಗಿದೆಯಾ? ಅಥವಾ ಉದ್ದಕ್ಕೆ ಓರೆಯಾಗಿ ಸೀಳಿ ಬಂದಿದೆಯಾ? ಅಥವಾ ಕತ್ತರಿಸಿಟ್ಟಂತೆ ನೇರ ಅಡ್ಡಕ್ಕೆ ಮುರಿದಿದೆಯಾ? ಮೂರಕ್ಕೂ ಮೂರು ಬೇರೆ ಕಾರಣ. ಇದನ್ನು ನೋಡದೆ ಯಾವ ಕಾವು ಒಳ್ಳೆಯದು ಅಂತ ಹೇಳುವುದರಲ್ಲಿ ಅರ್ಥ ಇಲ್ಲ.

ಪೈಪಿನ ಮಾತು ಮಾತ್ರ ಈಗಲೇ ಮರೆತುಬಿಡಿ. ಯಾಕೆ ಅಂತ ಆಮೇಲೆ ಬರೆಯುತ್ತೇನೆ, ಅಂಗಡಿಯಲ್ಲಿ ಜನ ಇದ್ದಾರೆ.

ಹಲಸಿನಹಣ್ಣು

ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತ ಕೇಳಿದ್ದೆ. ಇಲ್ಲಿ ಸುತ್ತಿಗೆ ಕಾವೇ ದಿನಾ ಸಾಯುತ್ತಿದೆ 😀

ಬಂಡೆಹೊಲ

ಆಚಾರ್ರೇ, ಈಗ ಹೋಗಿ ನೋಡಿಬಂದೆ. ಕೊಟ್ಟಿಗೆ ಮೂಲೆಯಲ್ಲಿ ಮುರಿದ ತುಂಡುಗಳೆಲ್ಲ ಇದ್ದವು. ಹೆಚ್ಚಿನವು ನೀವು ಹೇಳಿದ ಮೊದಲನೇ ರೀತಿ. ಕೆಳಗಿನ ಮೈ ಜಜ್ಜಿ ಹೋಗಿದೆ, ನಾರು ಎದ್ದಿದೆ, ಒಂದೆರಡು ಕಡೆ ಕಲ್ಲಿನ ಪುಡಿ ಮರದೊಳಗೇ ಕೂತಿದೆ. ಒಂದು ಮಾತ್ರ ಅರ್ಧ ಅಡಿ ಉದ್ದಕ್ಕೆ ಓರೆಯಾಗಿ ಸೀಳಿದೆ. ಅದು ಅಂಗಡಿಯಿಂದ ತಂದ ರೆಡಿ ಕಾವು. ಏನು ಮರವೋ ಗೊತ್ತಿಲ್ಲ, ಬಿಳಿ ಬಣ್ಣ, ಮೇಲೆ ಹಳದಿ ವಾರ್ನಿಷ್.

ಕುಲುಮೆ ಬೆಂಕಿ

ಹಾಗಾದರೆ ಸರಿ. ಜಜ್ಜಿದ್ದೆಲ್ಲ ಏಟು ತಪ್ಪಿದ್ದು. ತಲೆ ಬೆಣೆಯನ್ನು ದಾಟಿ ಮುಂದೆ ಹೋಗಿ, ಕಾವಿನ ಕುತ್ತಿಗೆ ಬೆಣೆಯ ಮೇಲೋ ಬಂಡೆಯ ಅಂಚಿನ ಮೇಲೋ ಬೀಳುತ್ತಿದೆ. ಹೊಸಬರಿಗೆ ಮಾತ್ರ ಅಲ್ಲ, ಸಂಜೆ ಹೊತ್ತಿಗೆ ತೋಳು ಸೋತಾಗ ಎಲ್ಲರಿಗೂ ಹೀಗೇ ಆಗುತ್ತದೆ. ಇದಕ್ಕೆ ಲೋಕದ ಯಾವ ಮರವೂ ನಿಲ್ಲುವುದಿಲ್ಲ, ಫೈಬರ್ ಕೂಡ ನಿಲ್ಲುವುದಿಲ್ಲ. ಕಾಂಕ್ರೀಟ್ ಕಾಡು ಅವರೇ, ನಿಮ್ಮ ಸೈಟಿನಲ್ಲಿ ಗೋಡೆ ಅಗಲ, ತಪ್ಪಿದರೂ ತಲೆ ಗೋಡೆಗೇ ಬೀಳುತ್ತದೆ. ಬೆಣೆಯ ತಲೆ ಎರಡು ಬೆರಳಿನಗಲ. ಲೆಕ್ಕವೇ ಬೇರೆ.

ಕುತ್ತಿಗೆಗೆ ಲಾರಿ ಟ್ಯೂಬಿನ ಪಟ್ಟಿ ಸುತ್ತಿ. ಒಂದು ಇಂಚಿನಗಲ ಉದ್ದಕ್ಕೆ ಕತ್ತರಿಸಿಕೊಂಡು, ಎಳೆದು ಹಿಡಿದು, ತಲೆಯ ಬುಡದಿಂದ ಒಂದು ಗೇಣು ಕೆಳಗಿನವರೆಗೆ ಒಂದರ ಮೇಲೊಂದು ಮೂರು ಸುತ್ತು. ಕೊನೆಗೆ ಬೈಂಡಿಂಗ್ ತಂತಿಯಲ್ಲಿ ಕಟ್ಟಿ, ತಂತಿಯ ಗಂಟು ಮೇಲ್ಗಡೆ ಬರಲಿ. ಇಷ್ಟೇ. ಕಾವು ಬದಲಾಯಿಸುವ ಮೊದಲು ಇದನ್ನು ಮಾಡಿ.

ಇನ್ನು ಪೈಪು. ಸುತ್ತಿಗೆ ತಲೆ ಇಂಗಾಲ ಇರುವ ಉಕ್ಕು, ಹದ ಕೊಟ್ಟದ್ದು. ಅದರ ಮೇಲೆ ಸುಮ್ನೆ ವೆಲ್ಡಿಂಗ್ ರಾಡ್ ಇಟ್ಟರೆ ಆ ಜಾಗ ಒಮ್ಮೆಲೇ ಕಾದು ಒಮ್ಮೆಲೇ ತಣಿಯುತ್ತದೆ. ವೆಲ್ಡಿನ ಪಕ್ಕದ ಉಕ್ಕು ಗಾಜಿನಷ್ಟು ಪೆಡಸಾಗುತ್ತದೆ. ಕಣ್ಣಿಗೆ ಕಾಣದ ಬಿರುಕು ಅಲ್ಲಿಂದಲೇ ಶುರು. ಒಂದು ದಿನ ಐದು ಕೆ.ಜಿ. ತಲೆ ಕಿತ್ತುಕೊಂಡು ಹಾರುತ್ತದೆ. ನನ್ನ ಹತ್ತಿರ ಹೀಗೆ ಬಿರುಕು ಬಿಟ್ಟ ತಲೆಗಳು ರಿಪೇರಿಗೆ ಬರುತ್ತವೆ. ನಾನು ಮುಟ್ಟುವುದಿಲ್ಲ, ಗುಜರಿಗೆ ಹಾಕಿ ಅನ್ನುತ್ತೇನೆ.

ವರ್ಕ್‌ಶಾಪ್ ಮೇಷ್ಟ್ರು

ಆಚಾರ್ರು ಹೇಳಿದ್ದು ನೂರಕ್ಕೆ ನೂರು ನಿಜ. ಪಾಲಿಟೆಕ್ನಿಕ್‌ನಲ್ಲಿ ನಾವು ಮಕ್ಕಳಿಗೆ ಇದನ್ನೇ ಹೇಳುತ್ತೇವೆ. ಹದ ಕೊಟ್ಟ ಉಕ್ಕನ್ನು ಮೊದಲು ನಿಧಾನಕ್ಕೆ ಕಾಯಿಸಿ, ವೆಲ್ಡ್ ಮಾಡಿ, ಮತ್ತೆ ನಿಧಾನಕ್ಕೆ ತಣಿಸಬೇಕು. ರಸ್ತೆ ಬದಿಯ ಶಾಪಿನಲ್ಲಿ ಅದನ್ನು ಯಾರು ಮಾಡುತ್ತಾರೆ? ಒಂದೇ ಉಕ್ಕಿನಲ್ಲಿ ತಲೆ, ಕಾವು ಎರಡನ್ನೂ ಬಡಿದು ಮಾಡಿದ ಸುತ್ತಿಗೆಗಳು ಇವೆ, ಅವು ಬೇರೆ ಮಾತು. ಆದರೆ ಅವು ಮೊಳೆ ಹೊಡೆಯುವ, ಕಲ್ಲಿನ ಚೂರು ತೆಗೆಯುವ ಸಣ್ಣ ಸುತ್ತಿಗೆಗಳು.

ಇನ್ನೊಂದು ವಿಷಯ. ಪೈಪು ಬಗ್ಗುವುದಿಲ್ಲ, ಏಟಿನ ನಡುಕವನ್ನು ನೇರ ಕೈಗೆ ತರುತ್ತದೆ. ಮರದ ನಾರು ಆ ನಡುಕವನ್ನು ಸ್ವಲ್ಪ ನುಂಗುತ್ತದೆ. ಒಂದು ದಿನಕ್ಕೆ ಗೊತ್ತಾಗಲ್ಲ, ವರ್ಷಗಟ್ಟಲೆ ಮಾಡುವವರಿಗೆ ಗೊತ್ತಾಗುತ್ತದೆ.

ಕಾವಿನ ದಪ್ಪದ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ದುಂಡನೆಯ ಕಾವಿನ ಬಿಗಿ, ಅಂದರೆ ಬಗ್ಗದೆ ನಿಲ್ಲುವ ಗುಣ, ಅದರ ದಪ್ಪದ ನಾಲ್ಕನೇ ಘಾತದ ಮೇಲೆ ಹೋಗುತ್ತದೆ, ಮುರಿಯುವ ಬಲ ಮೂರನೇ ಘಾತದ ಮೇಲೆ. 38 ಮಿ.ಮೀ. ಕಾವನ್ನು ಕೆತ್ತಿ 32 ಮಿ.ಮೀ. ಮಾಡಿದರೆ ಅದರ ಬಿಗಿ ಅರ್ಧಕ್ಕೆ ಇಳಿಯುತ್ತದೆ. ಬಲ ಮಾತ್ರ ಅರ್ಧಕ್ಕೆ ಇಳಿಯುವುದಿಲ್ಲ, ನೂರಕ್ಕೆ ಸುಮಾರು 40 ಪಾಲು ಕಡಿಮೆ ಆಗುತ್ತದೆ. ಅಂದರೆ ತೆಳ್ಳಗೆ ಮಾಡಿದಷ್ಟೂ ಬಳುಕು ಜಾಸ್ತಿ, ನಡುಕ ಕಡಿಮೆ, ಆದರೆ ಮರ ಚೆನ್ನಾಗಿರಲೇಬೇಕು. ದಪ್ಪ ಕಾವು ಗಟ್ಟಿ ಅಂತ ಜನ ತಿಳಿದಿದ್ದಾರೆ. ತಪ್ಪಿದ ಏಟಿಗೆ ದಪ್ಪ ಕಾವೂ ಜಜ್ಜುತ್ತದೆ, ಜೊತೆಗೆ ಕೈಯನ್ನೂ ನೋಯಿಸುತ್ತದೆ.

ಕೊಯಿರಾ ಕಲ್ಲು

ಮೇಷ್ಟ್ರೇ, ಅದಕ್ಕೇ ನಮ್ಮ ಕಡೆ ಕಲ್ಲು ಒಡೆಯುವವರ ಸುತ್ತಿಗೆ ನೋಡಿ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕ್ವಾರಿಗಳಲ್ಲಿ ಹಳಬರು ಅಂಗಡಿಯ ದಪ್ಪ ಕಾವನ್ನು ಮುಟ್ಟುವುದೇ ಇಲ್ಲ. ಒಳಗೆ ಟೊಳ್ಳಿಲ್ಲದ ಗಟ್ಟಿ ಬಿದಿರು ಹಾಕುತ್ತಾರೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಅಷ್ಟೆ. ಹಿಡಿದು ಅಲ್ಲಾಡಿಸಿದರೆ ತಲೆ ಗಾಳದ ಕೋಲಿಗೆ ಕಚ್ಚಿದ ಮೀನಿನ ಹಾಗೆ ತೂಗುತ್ತದೆ. ಮೊದಲ ಸಲ ನೋಡಿದವರಿಗೆ ಇದರಲ್ಲಿ ಕಲ್ಲು ಒಡೆಯುತ್ತಾರಾ ಅನ್ನಿಸುತ್ತದೆ.

ಎತ್ತುವಾಗ ಕಾವು ಹಿಂದಕ್ಕೆ ಬಗ್ಗುತ್ತದೆ, ಇಳಿಸುವಾಗ ಅದೇ ಬಳುಕು ತಲೆಯನ್ನು ಮುಂದಕ್ಕೆ ಎಸೆಯುತ್ತದೆ. ಕಲ್ಲಿಗೆ ಬಿದ್ದ ಏಟು ಕೈಗೆ ಬರುವುದೇ ಇಲ್ಲ. ಇಡೀ ದಿನ ಹೊಡೆಯುವವರಿಗೆ ಇದೇ ಬೇಕು. ಆದರೆ ಕಲಿಯಬೇಕು. ಹೊಸಬರು ಇದನ್ನು ಹಿಡಿದರೆ ಏಟು ಎಲ್ಲಿ ಬೀಳುತ್ತದೆ ಅಂತ ದೇವರಿಗೇ ಗೊತ್ತು. ಬಂಡೆಹೊಲ ಅವರಿಗೆ ಈಗಲೇ ಇದನ್ನು ಹೇಳುವುದಿಲ್ಲ.

ಕಾಂಕ್ರೀಟ್ ಕಾಡು

ಬಿದಿರಿನ ಮೇಲೆ ಐದು ಕೆ.ಜಿ.? ನಮ್ಮ ಸೇಫ್ಟಿ ಆಫೀಸರ್ ಬಾಗಿಲೊಳಗೇ ಬಿಡಲ್ಲ.

ಕೊಯಿರಾ ಕಲ್ಲು

ಐದು ಕೆ.ಜಿ. ಅವರು ಹಿಡಿಯುವುದೂ ಅಪರೂಪ ಅಣ್ಣ. ಅದೇ ಇನ್ನೊಂದು ಮಾತು. ತೂಕ ಎರಡು ಪಟ್ಟಾದರೆ ಏಟು ಎರಡು ಪಟ್ಟು, ವೇಗ ಎರಡು ಪಟ್ಟಾದರೆ ಏಟು ನಾಲ್ಕು ಪಟ್ಟು. ಮೇಷ್ಟ್ರು ಇದನ್ನು ಒಪ್ಪುತ್ತಾರೆ ಅಲ್ವಾ? ಮೂರು ಕೆ.ಜಿ. ತಲೆಯನ್ನು ಬಳುಕುವ ಕಾವಿನಲ್ಲಿ ಜೋರಾಗಿ ಇಳಿಸಿದರೆ ಬೆಣೆಗೆ ಸಾಕು. ತಲೆ ಹಗುರ ಆದರೆ ಏಟೂ ಕಮ್ಮಿ ತಪ್ಪುತ್ತದೆ.

ವರ್ಕ್‌ಶಾಪ್ ಮೇಷ್ಟ್ರು

ಒಪ್ಪಿದೆ. ಬೆಣೆ ಹೊಡೆಯಲು ಐದು ಕೆ.ಜಿ. ಜಾಸ್ತಿಯೇ ಆಯಿತು. ಸಾಲಿನಲ್ಲಿರುವ ಬೆಣೆಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಹೋಗಬೇಕು, ಒಂದನ್ನೇ ಹಿಡಿದು ಬಡಿಯುವುದಲ್ಲ. ಕಲ್ಲಿಗೂ ಸಮಯ ಕೊಡಬೇಕು.

ಘಟ್ಟದಂಚು

ತೀರ್ಥಹಳ್ಳಿ ಕಡೆಯಿಂದ. ಮರದ ಬಗ್ಗೆ ನಾನು ಎರಡು ಮಾತು ಹೇಳಬಹುದು.

ಗಟ್ಟಿ ಮರ ಬೇರೆ, ಪೆಟ್ಟು ತಾಳುವ ಮರ ಬೇರೆ. ಸಾಗುವಾನಿ ಎಂಥ ಒಳ್ಳೆ ಮರ. ಬಾಗಿಲಿಗೆ, ಕಿಟಕಿಗೆ, ದೋಣಿಗೆ ಅದಕ್ಕೆ ಸಮ ಇಲ್ಲ, ಸೊಟ್ಟ ಆಗುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಆದರೆ ಸುತ್ತಿಗೆಗೆ ಹಾಕಿದರೆ ಪಟ್ಟಂತ ಮುರಿಯುತ್ತದೆ. ಅದಕ್ಕೆ ಬಳುಕು ಇಲ್ಲ. ನೀಲಗಿರಿ ಅಗ್ಗ, ನೆಟ್ಟಗೂ ಇರುತ್ತದೆ, ಆದರೆ ಎಳೆ ತಿರುಚಿಕೊಂಡಿರುತ್ತದೆ. ಒಣಗುವಾಗಲೇ ಸೀಳಿ ಹೋಗುತ್ತದೆ. ಸರ್ವೆಯೂ ಹಾಗೆಯೇ. ಗುದ್ದಲಿಗೆ ನಡೆಯುತ್ತದೆ, ದೊಡ್ಡ ಸುತ್ತಿಗೆಗೆ ಬೇಡ.

ಕಾವಿಗೆ ಅಂತಲೇ ಹುಟ್ಟಿದ ಮರ ಅಂದರೆ ತಡಸಲು. ಹಿಂದಿಯವರು ಧಾಮನ್ ಅನ್ನುತ್ತಾರೆ. ಎಳೆ ಉದ್ದ, ಬಗ್ಗಿಸಿದರೆ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಹೊರೆ ಹೊರುವ ಅಡ್ಡೆ, ಗಾಡಿಯ ಮೂಕಿ, ಕೊಡಲಿ ಕಾವು ಎಲ್ಲದಕ್ಕೂ ಅದೇ. ಇನ್ನೊಂದು ದಿಂಡಿಗ. ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಮರ. ಭಾರ ಜಾಸ್ತಿ, ಆದರೆ ಪೆಟ್ಟು ಚೆನ್ನಾಗಿ ತಾಳುತ್ತದೆ. ಒಣಗಿಸುವಾಗ ಮಾತ್ರ ಬಿರುಕು ಬಿಡದಂತೆ ನೋಡಿಕೊಳ್ಳಬೇಕು.

ಎರಡೂ ಕಾಡಿನ ಮರ. ಕತ್ತಿ ಹಿಡಿದುಕೊಂಡು ರಿಸರ್ವ್ ಫಾರೆಸ್ಟಿಗೆ ನುಗ್ಗಬೇಡಿ, ಕೇಸ್ ಬೀಳುತ್ತದೆ. ಟಿಂಬರ್ ಡಿಪೋದಲ್ಲಿ ಬಿಲ್ ಹಾಕಿಸಿಕೊಂಡು ತುಂಡು ತರಬಹುದು. ನಿಮ್ಮ ಮಾಗಡಿ ಕಡೆಗೆ ದೊಡ್ಡಪ್ಪ ಹೇಳಿದ ಜಾಲಿಯೇ ಸರಿ. ಹೊಲದ ಬದುವಿನಲ್ಲೇ ಸಿಗುತ್ತದೆ.

ಎರೆಹೊಲ

ಜಾಲಿ ಅಂದರೆ ಯಾವ ಜಾಲಿ ಅಂತ ಸ್ಪಷ್ಟ ಮಾಡ್ರಿ. ನಮ್ಮ ಕಡೆ ಎರಡು ಅದಾವೆ. ಕರಿಜಾಲಿ, ಅಂದರೆ ಗೊಬ್ಬಳಿ. ಹಳದಿ ಹೂವಿನ ಉಂಡೆ, ಮಣಿ ಪೋಣಿಸಿದಂಥ ಬೂದು ಬಣ್ಣದ ಕಾಯಿ. ಕುಂಟೆ, ರಂಟೆ, ಗಾಡಿ ಗಾಲಿ ಎಲ್ಲ ಅದರದ್ದೇ. ಇನ್ನೊಂದು ಬಳ್ಳಾರಿ ಜಾಲಿ, ಹೊರಗಿನಿಂದ ಬಂದದ್ದು, ಕೆರೆ ತುಂಬ ಹಬ್ಬಿದೆ. ಅದೂ ಗಟ್ಟಿ ಮರವೇ, ಆದರೆ ಮೂರು ಅಡಿ ನೆಟ್ಟಗಿರುವ ತುಂಡು ಸಿಗುವುದು ಕಷ್ಟ. ಸೊಟ್ಟ ಮರವನ್ನು ಕೆತ್ತಿ ನೆಟ್ಟಗೆ ಮಾಡಿದರೆ ಎಳೆ ಕಡಿದು ಹೋಗುತ್ತದೆ. ಒಲೆಗೆ ಚಲೋ, ಇದ್ದಲಿಗೆ ಚಲೋ, ಕಾವಿಗೆ ಬೇಡ.

ಡೆಟ್ರಾಯಿಟ್ ಕನ್ನಡಿಗ

ಮಿಶಿಗನ್‌ನಿಂದ. ಇಲ್ಲಿ ಸುತ್ತಿಗೆ ಕಾವು ಅಂದರೆ ಹಿಕರಿ. ನಾವು ತಿನ್ನುವ ಪೀಕಾನ್ ಕಾಯಿಯ ಮರವೂ ಅದೇ ಕುಲ. ಮೊದಲು ಆ್ಯಶ್ ಮರವನ್ನೂ ಬಳಸುತ್ತಿದ್ದರು. 2002ರಲ್ಲಿ ಇಲ್ಲೇ ಡೆಟ್ರಾಯಿಟ್ ಹತ್ತಿರ ಏಷ್ಯಾದಿಂದ ಬಂದ ಒಂದು ಹಸಿರು ಜೀರುಂಡೆ ಕಾಣಿಸಿತು. ಅದರ ಹುಳು ತೊಗಟೆಯ ಕೆಳಗೆ ಕೊರೆದು ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಒಣಗಿಸಿಬಿಟ್ಟಿತು.

ಇಲ್ಲಿಯೂ ಒಂದು ಹಳೇ ನಂಬಿಕೆ ಇದೆ. ಹಿಕರಿಯಲ್ಲಿ ಹೊರಗಿನ ಬಿಳಿ ಭಾಗ ಮಾತ್ರ ಒಳ್ಳೆಯದು, ಒಳಗಿನ ಕೆಂಪು ಚೇಗು ಸುಮಾರು ಅಂತ. ಮ್ಯಾಡಿಸನ್‌ನಲ್ಲಿರುವ ಅಮೆರಿಕ ಸರ್ಕಾರದ ಮರದ ಪ್ರಯೋಗಾಲಯ ಇದನ್ನು ಪರೀಕ್ಷೆ ಮಾಡಿದೆ. ತೂಕ ಒಂದೇ ಇದ್ದರೆ ಬಲವೂ ಒಂದೇ. ಬಣ್ಣ ನೋಡಬೇಡಿ, ಕೈಯಲ್ಲಿ ತೂಗಿ ನೋಡಿ. ಒಂದೇ ಅಳತೆಯ ಕಾವುಗಳ ರಾಶಿಯಲ್ಲಿ ಭಾರ ಇರುವುದನ್ನೇ ಆರಿಸಿ.

ಎಳೆ ನೋಡುವುದಕ್ಕೆ ಒಂದು ಉಪಾಯ. ಬೇಸ್‌ಬಾಲ್ ಬ್ಯಾಟ್ ಪರೀಕ್ಷೆಯಲ್ಲಿ ಮೇಪಲ್ ಬ್ಯಾಟಿನ ಹಿಡಿಯ ಮೇಲೆ ಒಂದು ಹನಿ ಶಾಯಿ ಹಾಕುತ್ತಾರೆ. ಶಾಯಿ ಎಳೆಯ ಗುಂಟ ಹರಡುತ್ತದೆ. ಆ ಗೆರೆ ಬ್ಯಾಟಿನ ನೇರಕ್ಕಿಂತ 3 ಡಿಗ್ರಿಗಿಂತ ಜಾಸ್ತಿ ಓರೆ ಇದ್ದರೆ ತಿರಸ್ಕಾರ. ಅಂದರೆ 20 ಇಂಚು ಉದ್ದಕ್ಕೆ 1 ಇಂಚು ಓರೆ. ಕಾವಿಗೂ ಇದೇ ಅಳತೆ ಸಾಕು. ವಾರ್ನಿಷ್ ಇದ್ದರೆ ಒಂದು ಕಡೆ ಕೆರೆದು ಹನಿ ಹಾಕಿ. ಬಂಡೆಹೊಲ ಅವರ ಓರೆಯಾಗಿ ಸೀಳಿದ ಕಾವಿನ ಕಥೆ ಇದೇ ಇರಬೇಕು. ಎಳೆ ಓರೆ ಇತ್ತು, ಏಟು ಸರಿ ಬಿದ್ದರೂ ಸೀಳಿತು.

ವರ್ಕ್‌ಶಾಪ್ ಮೇಷ್ಟ್ರು

ಸೊಗಸಾಗಿ ಹೇಳಿದಿರಿ. ಎಳೆ ಕಾವಿನ ಪಕ್ಕದಿಂದ ಹೊರಗೆ ಓಡಿಹೋಗಿರಬಾರದು, ತುದಿಯಿಂದ ತುದಿಗೆ ಹೋಗಬೇಕು. ನಮ್ಮಲ್ಲೂ ಮರದ ಕಾವುಗಳಿಗೆ ಐ.ಎಸ್. 620 ಅಂತ ಒಂದು ಮಾನಕವೇ ಇದೆ. ಬೀದಿ ಅಂಗಡಿಯ ವಾರ್ನಿಷ್ ಕಾವಿಗೆ ಅದರ ಗಾಳಿ ಸೋಕಿರುವುದಿಲ್ಲ ಬಿಡಿ. ವಾರ್ನಿಷ್ ಹಚ್ಚುವುದೇ ಎಷ್ಟೋ ಸಲ ಎಳೆ ಕಾಣದಿರಲಿ ಅಂತ.

ಉಂಗುರಗಳ ದಿಕ್ಕನ್ನೂ ಕೆಲವರು ನೋಡುತ್ತಾರೆ. ಕಾವಿನ ತುದಿಯಲ್ಲಿ ಕಾಣುವ ಗೆರೆಗಳು ಏಟಿನ ದಿಕ್ಕಿನಲ್ಲೇ ಇರಬೇಕು ಅಂತ. ಇದ್ದರೆ ಒಳ್ಳೆಯದು. ಆದರೆ ಎಳೆ ಓರೆ ಇರುವ ಕಾವಿನಲ್ಲಿ ಉಂಗುರ ಸರಿ ಇದ್ದು ಏನೂ ಪ್ರಯೋಜನ ಇಲ್ಲ.

ಗ್ಯಾಂಗ್‌ಮನ್ ಮಗ

ನಮ್ಮ ಅಪ್ಪ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದರು. ಸುತ್ತಿಗೆ ಹೆಗಲ ಮೇಲೆ ಇಟ್ಟುಕೊಂಡು ದಿನವೂ ಹಳಿ ಗುಂಟ ನಡೆಯುವ ಕೆಲಸ. ಸಡಿಲವಾದ ಕೀಲಿ, ಕ್ಲಿಪ್ಪು ಕಂಡಲ್ಲಿ ಹೊಡೆದು ಕೂರಿಸಬೇಕು. ಅವರು ಹೊಸ ಕಾವು ಬಂದರೆ ಮೊದಲು ಮಾಡುತ್ತಿದ್ದ ಕೆಲಸ, ಒಡೆದ ಗಾಜಿನ ಚೂರಿನಿಂದ ವಾರ್ನಿಷ್ಷನ್ನೆಲ್ಲ ಕೆರೆದು ತೆಗೆಯುವುದು. ವಾರ್ನಿಷ್ ಮೇಲೆ ಬೆವರಿದ ಕೈ ಅಂಟಿಕೊಳ್ಳುತ್ತದೆ, ಬೊಬ್ಬೆ ಬರುತ್ತದೆ. ಕೆರೆದ ಮೇಲೆ ಅಗಸೆ ಎಣ್ಣೆ ಹಚ್ಚಿ ಬಿಸಿಲಲ್ಲಿ ಇಡುತ್ತಿದ್ದರು. ಬೆಳಿಗ್ಗೆ ಹೊರಡುವ ಮೊದಲು ತಲೆಯನ್ನು ಅಲ್ಲಾಡಿಸಿ ನೋಡದೆ ಹೆಜ್ಜೆ ಇಡುತ್ತಿರಲಿಲ್ಲ.

ಹೊಂಗೆ ಎಣ್ಣೆ, ಹರಳೆಣ್ಣೆ ಆಗುತ್ತದಾ ಅಂತ ಕೆಲವರು ಕೇಳುತ್ತಾರೆ. ಅವು ಒಣಗುವುದಿಲ್ಲ, ಜಿಡ್ಡು ಜಿಡ್ಡು. ಕೈ ಜಾರಿದರೆ ಕಷ್ಟ.

ಫರ್ಸಿಕಲ್ಲು

ಕಲಬುರಗಿ ಕಡೆಯವನು. ನಮ್ಮಲ್ಲಿ ಬೇಸಿಗೆ ಬಂದರೆ ಎಲ್ಲರ ಸುತ್ತಿಗೆಯೂ ಸಡಿಲ. ಶಹಾಬಾದ್ ಕಲ್ಲಿನ ಗಣಿಗಳಲ್ಲಿ ಕೆಲಸ ಮಾಡುವವರು ರಾತ್ರಿ ಸುತ್ತಿಗೆಯನ್ನು ನೀರಿನ ಬಕೆಟ್ಟಿನಲ್ಲಿ ಇಟ್ಟು ಮಲಗುತ್ತಾರೆ. ಬೆಳಿಗ್ಗೆ ಕಾವು ಉಬ್ಬಿ ಬಿಗಿ ಆಗಿರುತ್ತದೆ. ಖರ್ಚಿಲ್ಲದ ಉಪಾಯ ಅಲ್ಲವಾ?

ವರ್ಕ್‌ಶಾಪ್ ಮೇಷ್ಟ್ರು

ಖರ್ಚಿಲ್ಲ ನಿಜ, ಆದರೆ ಕಾವಿನ ಆಯಸ್ಸು ತಿನ್ನುತ್ತದೆ. ನೀರು ಕುಡಿದ ಮರ ಉಬ್ಬಲು ನೋಡುತ್ತದೆ. ಸುತ್ತ ಉಕ್ಕಿದೆ, ಜಾಗ ಇಲ್ಲ. ಹಾಗಾಗಿ ಮರದ ನಾರು ಒಳಗೊಳಗೇ ಜಜ್ಜಿಹೋಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಒಣಗಿದಾಗ ಮೊದಲಿಗಿಂತ ಸಣ್ಣಗಾಗಿರುತ್ತದೆ. ಮಾರನೇ ದಿನ ಮತ್ತೆ ನೀರು, ಮತ್ತೆ ಸಡಿಲ. ನೀರಿನ ಬದಲು ತಲೆಯ ಮೇಲ್ತುದಿಗೆ ಅಗಸೆ ಎಣ್ಣೆ ಕುಡಿಸಿ. ಅದು ಒಳಗೇ ಗಟ್ಟಿಯಾಗುತ್ತದೆ.

ಕುಲುಮೆ ಬೆಂಕಿ

ಮೇಷ್ಟ್ರೇ, ನೀವು ಹೇಳಿದ್ದು ಸರಿ. ಆದರೆ ಗಣಿಯಲ್ಲಿ ಕೂಲಿ ಮಾಡುವವರಿಗೆ ಮಧ್ಯಾಹ್ನದವರೆಗೆ ತಲೆ ನಿಂತರೆ ಅರ್ಧ ದಿನದ ಕೂಲಿ ಗಿಟ್ಟಿತು. ಅವರನ್ನು ತಪ್ಪು ಅನ್ನಲು ಬರುವುದಿಲ್ಲ.

ತಲೆ ಸಡಿಲ ಆಗುವುದಕ್ಕೆ ಮೂಲ ಕಾರಣ ಹಸಿ ಮರ ಮತ್ತು ಅರೆಬರೆ ಕೂರಿಸುವುದು. ಕೂರಿಸುವುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಇದನ್ನು ಸರಿಯಾಗಿ ಮಾಡಿದರೆ ಸಾಧಾರಣ ಮರವೂ ಬಾಳುತ್ತದೆ.

ಮೊದಲು ತಲೆಯ ತೂತಿನೊಳಗೆ ಬೆರಳು ಹಾಕಿ ಸವರಿ. ಒಳ್ಳೆ ತೂತು ನಡುವೆ ಬಿಗಿ, ಎರಡು ಬಾಯಿಯಲ್ಲಿ ಸ್ವಲ್ಪ ಅಗಲ ಇರುತ್ತದೆ. ಕೆಳಬಾಯಿಯ ಅಂಚು ಚೂಪಾಗಿದ್ದರೆ ಅರದಲ್ಲಿ ಉಜ್ಜಿ ದುಂಡು ಮಾಡಿ. ಆ ಚೂಪು ಅಂಚೇ ಎಷ್ಟೋ ಕಾವುಗಳ ಕುತ್ತಿಗೆ ಕತ್ತರಿಸುವುದು. ಕಾವಿನಲ್ಲೂ ಅಲ್ಲಿ ಮೆಟ್ಟಿಲು ಬಿಡಬೇಡಿ, ಇಳಿಜಾರಾಗಿ ಕೆತ್ತಿ. ಮೆಟ್ಟಿಲು ಇದ್ದಲ್ಲಿಂದಲೇ ಬಿರುಕು.

ಕಾವನ್ನು ತೂತಿಗೆ ತೂರಿಸಿದ ಮೇಲೆ ಸುತ್ತಿಗೆಯನ್ನು ನೆಲಕ್ಕೆ ಕುಟ್ಟಬೇಡಿ. ತಲೆ ಕೆಳಗೆ ಬರುವಂತೆ ಕಾವನ್ನು ಒಂದು ಕೈಯಲ್ಲಿ ಗಾಳಿಯಲ್ಲಿ ಹಿಡಿಯಿರಿ, ತಲೆ ಎಲ್ಲಿಗೂ ತಾಗಬಾರದು. ಈಗ ಕಾವಿನ ಬುಡಕ್ಕೆ, ಅಂದರೆ ಮೇಲಿರುವ ತುದಿಗೆ, ಕೊಡತಿಯಲ್ಲಿ ಹೊಡೆಯಿರಿ. ತಲೆ ಭಾರಕ್ಕೆ ಅಲ್ಲೇ ನಿಲ್ಲುತ್ತದೆ, ಕಾವು ಅದರೊಳಗೆ ಇಳಿಯುತ್ತದೆ. ನೋಡುವವರಿಗೆ ತಲೆಯೇ ಕಾವನ್ನು ಹತ್ತಿ ಬಂದ ಹಾಗೆ ಕಾಣುತ್ತದೆ. ತೂತಿನ ಬಾಯಲ್ಲಿ ಮರದ ಸುರುಳಿ ಸಿಪ್ಪೆ ಏಳುತ್ತದೆ. ತೆಗೆದು, ಕಪ್ಪಾದ ಜಾಗ ಕೆತ್ತಿ, ಮತ್ತೆ ಹೊಡೆಯಿರಿ. ಇನ್ನು ಇಳಿಯುವುದಿಲ್ಲ ಅನ್ನುವವರೆಗೆ. ಏಟಿನ ಸದ್ದೇ ಬದಲಾಗುತ್ತದೆ, ಮಂದ ಸದ್ದು ಹೋಗಿ ಗಟ್ಟಿ ಸದ್ದು ಬರುತ್ತದೆ.

ಬೆಣೆಗೆ ಗರಗಸದ ಸೀಳು ತೂತಿನ ಆಳದ ಮೂರನೇ ಎರಡು ಪಾಲು ಇದ್ದರೆ ಸಾಕು. ಮೊದಲು ಮರದ ಬೆಣೆ, ಆಮೇಲೆ ಅದಕ್ಕೆ ಓರೆಯಾಗಿ ಒಂದು ಕಬ್ಬಿಣದ ಬೆಣೆ. ಕಾವಿನ ತುದಿ ತಲೆಯಿಂದ ಅರ್ಧ ಸೆಂಟಿಮೀಟರ್ ಮೇಲೆ ಉಳಿಯಲಿ, ಸಮಕ್ಕೆ ಕತ್ತರಿಸಬೇಡಿ. ಆ ಉಳಿದ ಭಾಗ ಅಗಲವಾಗಿ ಅರಳಿ ತಲೆಯನ್ನು ಹಿಡಿದುಕೊಳ್ಳುತ್ತದೆ.

ಮುರಿದ ತುಂಡು ತೂತಿನಲ್ಲಿ ಸಿಕ್ಕಿಕೊಂಡರೆ ಒಲೆಗೆ ಹಾಕಿ ಸುಡುವವರಿದ್ದಾರೆ. ಬೇಡ. ಸುತ್ತಿಗೆ ತಲೆಯ ಮುಖದ ಮೇಲೆ ಹುಲ್ಲಿನ ಹಳದಿ ಬಣ್ಣ ಬಂತು ಅಂದರೆ ಹದ ಇಳಿಯಲು ಶುರು, ನೀಲಿ ಬಂತು ಅಂದರೆ ಮುಗೀತು. ಡ್ರಿಲ್ಲಿನಲ್ಲಿ ತೂತು ಹೊಡೆದು ತುಂಡು ತೆಗೆಯಿರಿ.

ಕಾಂಕ್ರೀಟ್ ಕಾಡು

ಇಷ್ಟೆಲ್ಲ ಓದಿದ ಮೇಲೂ ನನ್ನ ಸೈಟಿಗೆ ನಾನು ಫೈಬರ್ರೇ ತರುವುದು. ಇಷ್ಟು ನಾಜೂಕಾಗಿ ಕಾವು ಕೂರಿಸುವವರನ್ನು ಬೆಂಗಳೂರಿನಲ್ಲಿ ಎಲ್ಲಿಂದ ತರಲಿ? ಫೈಬರ್ ಒಂದೇ ಸಲಕ್ಕೆ ಪಟ್ಟಂತ ಮುರಿಯುವುದಿಲ್ಲ. ಮೇಲಿನ ಪ್ಲಾಸ್ಟಿಕ್ ಹರಿದು, ಒಳಗಿನ ಗಾಜಿನ ಎಳೆ ಬೆಳ್ಳಗೆ ಎದ್ದು ಮೊದಲೇ ಎಚ್ಚರಿಕೆ ಕೊಡುತ್ತದೆ. ಆದರೆ ಎರಡು ವಿಷಯ ಒಪ್ಪುತ್ತೇನೆ. ಒಂದು, ಎದ್ದ ಎಳೆ ಕೈಗೆ ಚುಚ್ಚಿದರೆ ತುರಿಕೆ ವಿಪರೀತ, ಗ್ಲೌಸ್ ಬೇಕೇ ಬೇಕು. ಎರಡು, ತಲೆಯನ್ನು ಎಪಾಕ್ಸಿ ಅಂಟಿನಲ್ಲಿ ಹಿಡಿಸಿರುತ್ತಾರೆ, ಹೋದರೆ ಹಳ್ಳಿಯಲ್ಲಿ ಯಾರೂ ರಿಪೇರಿ ಮಾಡುವುದಿಲ್ಲ. ಇಡೀ ಸುತ್ತಿಗೆಯನ್ನೇ ಹೊಸದು ತರಬೇಕು. ವರ್ಷಗಟ್ಟಲೆ ಬಿಸಿಲಿಗೆ ಬಿಟ್ಟರೆ ಫೈಬರ್ ಕೂಡ ಪುಡಿಪುಡಿಯಾಗುತ್ತದೆ. ಶೆಡ್ಡಿನಲ್ಲಿ ಇಡಿ.

ಕುಲುಮೆ ಬೆಂಕಿ

ಕುಲುಮೆ ಹತ್ತಿರ ಫೈಬರ್ ಬೇಡವೇ ಬೇಡ ಅಂತಲೂ ಸೇರಿಸಿ. ಆ ಅಂಟು ಬಿಸಿಗೆ ಮೆತ್ತಗಾಗುತ್ತದೆ.

ಬಂಡೆಹೊಲ

ಎಲ್ಲರಿಗೂ ತುಂಬಾ ಧನ್ಯವಾದ. ಟ್ಯೂಬು ಇವತ್ತೇ ಸುತ್ತಿದೆ. ಪಂಕ್ಚರ್ ಅಂಗಡಿಯವರು ದುಡ್ಡೂ ತಗೊಳ್ಳಲಿಲ್ಲ. ಐದು ಕೆ.ಜಿ. ಬದಲು ಮೂರು ಕೆ.ಜಿ. ತಲೆಯೂ ಒಂದು ತರುತ್ತೇನೆ. ಬದುವಿನಲ್ಲಿ ಒಂದು ಹಳೇ ಗೊಬ್ಬಳಿ ಇದೆ, ಗಾಳಿಗೆ ಅರ್ಧ ವಾಲಿದೆ. ಅದರ ಕಾಂಡ ತೊಡೆ ದಪ್ಪ ಇದೆ. ಕೈ ದಪ್ಪದ ಕೊಂಬೆಗಳೂ ಇವೆ. ಕೊಂಬೆಯನ್ನೇ ಕಡಿದು ಕಾವು ಮಾಡಿದರೆ ಆಗುತ್ತದಾ? ಎಷ್ಟು ದಿನ ಒಣಗಿಸಬೇಕು?

ಕುಲುಮೆ ಬೆಂಕಿ

ಕೊಂಬೆ ಬೇಡ. ಕೊಂಬೆಯ ನಡುವೆ ತಿರುಳು ಇರುತ್ತದೆ. ತಿರುಳು ಕಾವಿನೊಳಗೆ ಉಳಿದರೆ ಒಣಗುವಾಗ ಸುತ್ತಲೂ ಬಿರುಕು ಬಿಡುತ್ತದೆ. ಕಾಂಡವನ್ನೇ ನಾಲ್ಕು ಅಡಿ ಉದ್ದಕ್ಕೆ ಕತ್ತರಿಸಿ, ಸಾ ಮಿಲ್ಲಿಗೆ ಒಯ್ಯದೆ, ನಿಮ್ಮದೇ ಬೆಣೆಯಲ್ಲಿ ಹಸಿ ಇರುವಾಗಲೇ ನಾಲ್ಕು ಹೋಳು ಸೀಳಿ. ಸೀಳು ಎಳೆಯ ದಾರಿ ಹಿಡಿದೇ ಹೋಗುತ್ತದೆ, ಗರಗಸ ತನ್ನ ದಾರಿ ಹಿಡಿಯುತ್ತದೆ. ನೆಟ್ಟಗೆ ಸೀಳಿದ ಹೋಳನ್ನು ಮಾತ್ರ ಇಟ್ಟುಕೊಳ್ಳಿ. ಗಂಟು ಇರುವುದು, ತಿರುಚಿದ್ದು ಒಲೆಗೆ.

ತೊಗಟೆ ಪೂರ್ತಿ ಸುಲಿಯಿರಿ, ಇಲ್ಲದಿದ್ದರೆ ಹುಳ ಬೀಳುತ್ತದೆ. ನಮ್ಮ ಹಿರಿಯರು ಹೋಳುಗಳನ್ನು ಕೆಲವು ವಾರ ಕೆರೆ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಒಣಗಿಸುತ್ತಿದ್ದರು, ಕುಟ್ಟೆ ಹುಳ ಬರಬಾರದು ಅಂತ. ಎರಡೂ ತುದಿಗೆ ಹಳೇ ಪೇಂಟ್ ಬಳಿಯಿರಿ. ತುದಿಯಿಂದ ಬೇಗ ಒಣಗಿದರೆ ಅಲ್ಲಿಂದಲೇ ಸೀಳುತ್ತದೆ. ಅಟ್ಟದ ಮೇಲೆ, ಒಲೆಯ ಹೊಗೆ ಆಡುವ ಜಾಗ ಇದ್ದರೆ ಬಹಳ ಒಳ್ಳೆಯದು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಲೆಕ್ಕ.

ಬಂಡೆಹೊಲ

ಎರಡು ಇಂಚಿಗೆ ಎರಡು ವರ್ಷ! ಅಷ್ಟರವರೆಗೆ ಕೊಟ್ಟಿಗೆ ಕಟ್ಟದೆ ಇರಕ್ಕಾಗಲ್ಲ ಆಚಾರ್ರೇ.

ಕುಲುಮೆ ಬೆಂಕಿ

ಅದಕ್ಕೇ ಪ್ರತಿ ಊರಿನ ಕುಲುಮೆಯ ಅಟ್ಟದ ಮೇಲೂ ಒಂದಿಷ್ಟು ಒಣಗಿದ ಹೋಳು ಇದ್ದೇ ಇರುತ್ತವೆ. ನಿಮ್ಮ ಕಡೆ ಇನ್ನೂ ಕುಲುಮೆ ಹಚ್ಚುವವರು ಯಾರಾದರೂ ಇದ್ದ‍ಾರಾ ಅಂತ ದೊಡ್ಡಪ್ಪನನ್ನು ಕೇಳಿ, ಖಂಡಿತ ಗೊತ್ತಿರುತ್ತದೆ. ನಿಮ್ಮ ಹಸಿ ಹೋಳು ಅವರಿಗೆ ಕೊಟ್ಟು ಒಣಗಿದ ಹೋಳು ಕೇಳಿ, ಮೇಲೆ ಕೆತ್ತಿದ ಕೂಲಿ ಕೊಡಿ. ಸಿಗದಿದ್ದರೆ ಅಂಗಡಿಗೇ ಹೋಗಿ, ಜೇಬಿನಲ್ಲಿ ಶಾಯಿ ಪೆನ್ನು ಇಟ್ಟುಕೊಂಡು. ಭಾರ ಇರುವ ನಾಲ್ಕು ಕಾವು ಆರಿಸಿ, ಒಂದೊಂದಕ್ಕೂ ಹನಿ ಹಾಕಿ ನೋಡಿ. ಅಂಗಡಿಯವರು ಬೈದರೆ ಬೈಯಲಿ.